ಪಕ್ಕದ ಸೀಟಿನ ಬ್ರೇಕು

ಜೂನ್ 4, ಮಂಗಳವಾರ

ಉಪ್ಪು ಕಡಿಮೆ ಮಾಡಿ, ಕೋಪ ಕಡಿಮೆ ಮಾಡಿ, ಬಾಯಿಗೆ ಬಂದದ್ದನ್ನು ಆಡುವ ಮೊದಲು ಒಂದು ಹಾಳೆಯಲ್ಲಿ ಬರೆದು ನೋಡಿ ಎಂದಿದ್ದಾರೆ ರಕ್ತದೊತ್ತಡದ ಡಾಕ್ಟರು. ಉಪ್ಪು ಕಡಿಮೆ ಮಾಡಿದೆ. ಮನೆಯವರ ಕೋಪ ಜಾಸ್ತಿಯಾಯಿತು. ಆದ್ದರಿಂದ ಬರೆಯುತ್ತಿದ್ದೇನೆ.

ಪಿಟೀಲಿಗೆ ಕೆಲಸ ಸಿಕ್ಕಿದೆ. ಇದನ್ನು ಕದ್ದು ಓದುವವರಿಗೆ ಕಷ್ಟವಾಗಬಾರದೆಂದು ಹೇಳಿಬಿಡುತ್ತೇನೆ: ಪಿಟೀಲು ನನ್ನ ಮಗಳು. ಹುಟ್ಟಿದಾಗ ಹಗಲೂ ರಾತ್ರಿ ಕುಯ್ಯುತ್ತಿದ್ದಳೆಂದು ಅವಳಪ್ಪ ಇಟ್ಟ ಹೆಸರು. ಈಗ ಇಪ್ಪತ್ತೆರಡು. ಕುಯ್ಯುವುದಿರಲಿ, ಮಾತನ್ನೇ ಬಿಟ್ಟಿದ್ದಾಳೆ. ಕೇಳಿದರೆ ‘ಹ್ಞೂಂ’, ಕೇಳದಿದ್ದರೆ ಅದೂ ಇಲ್ಲ. ಕೆಲಸಕ್ಕೆ ಅರ್ಜಿ ಹಾಕಿದ್ದೇ ನನಗೆ ಗೊತ್ತಿರಲಿಲ್ಲ.

“ಯಾಕೆ ಹೇಳ್ಲಿಲ್ಲ?” ಎಂದೆ.

“ಹೇಳಿದ್ರೆ ನೀನು ಅವರಿಗೆ ಫೋನ್ ಮಾಡ್ತಿದ್ದೆ.”

ಮಾಡುತ್ತಿದ್ದೆ. ಅದರಲ್ಲಿ ತಪ್ಪೇನು?

ಕೆಲಸವೇನೋ ಒಳ್ಳೆಯದೇ. ಕೈಕಾಲು ಸ್ವಾಧೀನವಿಲ್ಲದವರ ಮನೆಗೆ ಹೋಗಿ ವ್ಯಾಯಾಮ ಮಾಡಿಸುವುದು. ಅವಳು ಓದಿದ್ದೂ ಅದನ್ನೇ. ಆದರೆ ಕ್ಲಿನಿಕ್ಕಿನವರು ಒಂದು ಪುಟ್ಟ ಕಾರು ಕೊಡುತ್ತಾರಂತೆ, ಅದನ್ನು ತಾನೇ ಓಡಿಸಿಕೊಂಡು ಮನೆಮನೆ ಸುತ್ತಬೇಕಂತೆ. ಜುಲೈ ಮಧ್ಯದೊಳಗೆ ಲೈಸೆನ್ಸ್ ತೋರಿಸದಿದ್ದರೆ ಕೆಲಸ ಇನ್ನೊಬ್ಬರಿಗೆ.

ಡ್ರೈವಿಂಗ್ ಕಲಿಸುವುದೇ ನನ್ನ ಕಸುಬು. ಬಿ.ಎ.ಯಲ್ಲಿ ಛಂದಸ್ಸು ಓದಿ ಗಣ ಹಾಕುವುದು ಕಲಿತವಳು ಇಪ್ಪತ್ತು ವರ್ಷದಿಂದ ಊರಿಗೆಲ್ಲ ಗೇರು ಹಾಕುವುದು ಕಲಿಸುತ್ತಿದ್ದೇನೆ. ಹೀಗಿರುವಾಗ ನನ್ನ ಮಗಳು ಬೇರೆ ಕಡೆ ಹೋಗಿ ಕಲಿಯುವುದುಂಟೆ? ನಾನೇ ಕಲಿಸುತ್ತೇನೆಂದೆ. ‘ಹ್ಞೂಂ’ ಅಂದಳು.

ಜೂನ್ 9, ಭಾನುವಾರ

ಚೆನ್ನಾಗಿ ಕಲಿಯುತ್ತಿದ್ದಾಳೆ. ಸ್ಟೇರಿಂಗು ಹಿಡಿಯುವ ಕೈಯಲ್ಲಿ ಗಾಬರಿಯಿಲ್ಲ. ನನ್ನ ಪ್ರಾಸಗಳಿಗೆ ಮಾತ್ರ ಮುಖ ಸಿಂಡರಿಸುತ್ತಾಳೆ. “ಕ್ಲಚ್ಚು, ಬಿಡಬೇಡ ಹೆಚ್ಚು, ಬಿಟ್ಟರೆ ಹುಚ್ಚು” ಎಂದರೆ ಬೇರೆ ಮಕ್ಕಳೆಲ್ಲ ನಗುತ್ತಾರೆ. ಇವಳು, “ಅಮ್ಮ, ಬರೀ ಕ್ಲಚ್ಚು ಅಂದ್ರೆ ಸಾಕು” ಎಂದಳು.

ನಮ್ಮ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇದೆ. ಕಲಿಯುವವರು ಮರೆತರೆ ಕಲಿಸುವವರು ಒತ್ತಬೇಕು. ಒತ್ತುವುದರಲ್ಲೂ ಒಂದು ಹದವಿದೆ. ದಡಕ್ಕನೆ ಒತ್ತಿದರೆ ಕಲಿಯುವವರಿಗೆ ಅವಮಾನ. ಅವರ ಕಾಲು ಇಳಿಯುವುದಕ್ಕೂ ನನ್ನ ಕಾಲು ಇಳಿಯುವುದಕ್ಕೂ ಕೂದಲೆಳೆಯ ವ್ಯತ್ಯಾಸವಿಟ್ಟು ಮೆತ್ತಗೆ ಒತ್ತಿದರೆ, ತಾವೇ ನಿಲ್ಲಿಸಿದೆವೆಂದು ಅವರಿಗೆ ಧೈರ್ಯ ಬರುತ್ತದೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಮೊದಲ ವಾರಕ್ಕೆ ಮಾತ್ರ ಎನ್ನುವುದು ನಾನೇ ಮಾಡಿಕೊಂಡ ನಿಯಮ.

ಇವತ್ತಿಗೆ ಇನ್ನೂ ಒಂದು ವಾರವಾಗಿಲ್ಲ. ಸರಿಸುಮಾರು ಆಗಿಲ್ಲ.

ಜೂನ್ 12, ಬುಧವಾರ

ಮಾರ್ಕೆಟ್ಟಿನ ರಸ್ತೆ. ಸೈಕಲ್ಲಿನವನೊಬ್ಬ ಬಾಳೆಗೊನೆ ಕಟ್ಟಿಕೊಂಡು ಸೀದಾ ಅಡ್ಡ ಬಂದ. ಕಾರು ನಿಂತಿತು, ಅಲುಗಾಡದೆ, ಬೆಣ್ಣೆಯಲ್ಲಿ ಚಾಕು ನಿಂತ ಹಾಗೆ.

“ಎಷ್ಟು ಚೆನ್ನಾಗಿ ನಿಲ್ಲಿಸ್ದೆ ಕಣೇ!” ಎಂದೆ.

ಅವಳು ನಕ್ಕಳು. ಕಾಲೇಜು ಸೇರಿದ ಮೇಲೆ ನನ್ನ ಮಾತಿಗೆ ಅವಳು ಹಾಗೆ ನಕ್ಕದ್ದು ನೆನಪಿಲ್ಲ. “ನಿಜವಾಗ್ಲೂ? ನಂಗೇ ಗೊತ್ತಾಗ್ಲಿಲ್ಲ ಅಮ್ಮ, ಕಾಲು ತಾನಾಗೇ ಹೋಯ್ತು” ಎಂದಳು. ದಾರಿಯುದ್ದಕ್ಕೂ ಅದನ್ನೇ ಹೇಳಿದಳು.

ತಾನಾಗೇ ಹೋದದ್ದು ನನ್ನ ಕಾಲು. ಈಗ ಹೇಗೆ ಹೇಳುವುದು? ನಾಳೆಯಿಂದ ಕಾಲು ತೆಗೆಯುತ್ತೇನೆ.

ಜೂನ್ 14, ಶುಕ್ರವಾರ

ತೆಗೆಯಲಿಲ್ಲ. ಶಾಲೆ ಬಿಡುವ ಹೊತ್ತು, ರಸ್ತೆ ತುಂಬ ಮಕ್ಕಳು. ಸೋಮವಾರ ನೋಡೋಣ.

ನಮ್ಮವರು ಕೇಳಿದರು, “ಏನು, ಶಿಷ್ಯೆ ತಯಾರಾದ್ಲಾ?” ಇವರದು ಬೇಕರಿ, ಹಿಟ್ಟು ಹುದುಗು ಬರುವ ತನಕ ಕೈ ಹಚ್ಚದೆ ಕಾಯುವುದು ಇವರ ಸ್ವಭಾವ. “ಆಗ್ತಿದಾಳೆ” ಎಂದೆ. “ಹಾಗಾದ್ರೆ ಭಾನುವಾರ ನನ್ನ ವ್ಯಾನು ಓಡಿಸ್ಲಿ. ಬೇರೆ ಗಾಡಿನೂ ಅಭ್ಯಾಸ ಆಗ್ಲಿ” ಎಂದರು. ಅವಳು ಕುಣಿದುಬಿಟ್ಟಳು. ಬೇಡವೆನ್ನಲು ಕಾರಣ ಬೇಕಿತ್ತು. ಕಾರಣ ಇತ್ತು, ಹೇಳುವ ಹಾಗಿರಲಿಲ್ಲ.

ಜೂನ್ 16, ಭಾನುವಾರ

ಯಾರಿಗೂ ಏನೂ ಆಗಿಲ್ಲ. ಮೊದಲು ಇದನ್ನು ಬರೆದುಕೊಳ್ಳುತ್ತೇನೆ. ಯಾರಿಗೂ ಏನೂ ಆಗಿಲ್ಲ. ಇವರ ಮಣಿಕಟ್ಟು ಉಳುಕಿದೆ, ಅಷ್ಟೇ.

ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಬಂದಿದ್ದಾರೆ. ಕೆಳಗೆ ತಿರುವು. ಅವಳು ಬ್ರೇಕು ಒತ್ತಿದ್ದಾಳೆ. ನಮ್ಮ ಕಾರಿನಲ್ಲಿ ಎಷ್ಟು ಒತ್ತುತ್ತಿದ್ದಳೋ ಅಷ್ಟು, ಯಾವಾಗ ಒತ್ತುತ್ತಿದ್ದಳೋ ಆವಾಗ. ವ್ಯಾನು ನಿಲ್ಲಲಿಲ್ಲ. ಇವರ ತೊಡೆಯ ಮೇಲೆ ಬ್ರೆಡ್ಡಿನ ಟ್ರೇ, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರಂತೆ. ಕೈಬ್ರೇಕು ಎಳೆಯಲು ಮೂರನೆಯ ಕೈ ಬೇಕಿತ್ತು. ಟ್ಯಾಂಕಿನ ಕಾಂಪೌಂಡು ಗೋಡೆಗೆ ಹೋಗಿ ಗುದ್ದಿತು. ಆ ಗೋಡೆಗೆ ಒರಗಿ ಇಬ್ಬರು ಮುದುಕರು ದಿನಾ ಕೂರುತ್ತಾರೆ. ಇವತ್ತು ಚಹಾ ಕುಡಿಯಲು ಎದ್ದು ಹೋಗಿದ್ದರಂತೆ.

ಚಹಾ ಕುಡಿಯಲು ಎದ್ದು ಹೋಗಿದ್ದರಂತೆ.

ಪಿಟೀಲು ಅಳಲಿಲ್ಲ. ಬಂದವಳೇ ನನ್ನ ಮುಂದೆ ನಿಂತು, “ಕಾರಲ್ಲಿ ಇಷ್ಟೇ ಒತ್ತಿದ್ರೆ ನಿಲ್ತಿತ್ತಲ್ಲ ಅಮ್ಮ? ಇಷ್ಟೇ ತಾನೆ ಒತ್ತೋದು?” ಎಂದು ನೆಲದ ಮೇಲೆ ಕಾಲಿಟ್ಟು ಒತ್ತಿ ತೋರಿಸಿದಳು.

“ವ್ಯಾನು ಭಾರ ಮಗಳೇ. ಬ್ರೇಕೂ ಹಳೇದು” ಎಂದೆ.

ಜೂನ್ 17, ಸೋಮವಾರ

ಗ್ಯಾರೇಜಿನವನು ವ್ಯಾನು ನೋಡಿ ಹೇಳಿದನಂತೆ: ಬ್ರೇಕು ಹೊಸದಿದ್ದ ಹಾಗಿದೆ. ಇವರು ಊಟಕ್ಕೆ ಕೂತಾಗ ಅದನ್ನೇ ಹೇಳಿದರು. ಅವಳು ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ನೀರು ತರಲು ಎದ್ದೆ. ನೀರು ಮೇಜಿನ ಮೇಲೇ ಇತ್ತು.

ಜೂನ್ 19, ಬುಧವಾರ

ಇನ್ನು ಗಾಡಿ ಮುಟ್ಟುವುದಿಲ್ಲವಂತೆ. ಕೆಲಸಕ್ಕೂ ಬರುವುದಿಲ್ಲವೆಂದು ಶನಿವಾರ ಕ್ಲಿನಿಕ್ಕಿಗೆ ಹೋಗಿ ಹೇಳುತ್ತಾಳಂತೆ. “ನಂದು ಕಾಲೇ ಸರಿಯಿಲ್ಲ. ಬೇರೆಯವರ ಕಾಲು ಸರಿ ಮಾಡಕ್ಕೆ ಹೋಗ್ತೀನಂತೆ” ಎಂದಳು.

ನನಗೆ ಒಂದು ಕ್ಷಣ ಹಾಯೆನಿಸಿತು. ರಸ್ತೆಗೆ ಹೋಗುವುದಿಲ್ಲ, ಮನೆಯಲ್ಲಿರುತ್ತಾಳೆ, ಎಂದು. ಆಮೇಲೆ ಡಾಕ್ಟರ ಯಂತ್ರದಲ್ಲಿ ನೋಡಿಕೊಂಡರೆ ಒತ್ತಡ ಎಂದಿಗಿಂತ ಹೆಚ್ಚು.

ಪ್ರಾಸ ಹೊಳೆಯುತ್ತಿಲ್ಲ. ಬೆಳಿಗ್ಗೆ ಒಬ್ಬ ಹುಡುಗಿಗೆ, “ಮುಂದಿನ ಗಾಡಿಗೂ ನಮಗೂ ಇರಲಿ ಅಂತರ” ಎಂದು ಶುರುಮಾಡಿ, ಮುಂದಿನದು ಮರೆತೆ. ಅವಳೇ “ಇಲ್ಲದಿದ್ದರೆ ಅವಾಂತರ, ಅಲ್ವಾ ಮೇಡಂ?” ಎಂದಳು.

ಜೂನ್ 22, ಶನಿವಾರ

ಎಲ್ಲ ಸರಿಯಾಗಿ ಬರೆಯಬೇಕು. ಗಡಿಬಿಡಿ ಮಾಡಬಾರದು.

ಶನಿವಾರ ಬೆಳಿಗ್ಗೆ ಪೋಸ್ಟ್ ಮಾಸ್ಟರ ಪಾಠ. ನಿವೃತ್ತರಾಗಿ ಹತ್ತು ವರ್ಷವಾದ ಮೇಲೆ ಕಲಿಯುತ್ತಿದ್ದಾರೆ. ಇಷ್ಟು ದಿನ ಗಾಡಿ ಓಡಿಸುತ್ತಿದ್ದ ಹೆಂಡತಿಗೆ ಕಣ್ಣು ಮಂಜಾಗಿದೆ. ಕ್ಲಿನಿಕ್ಕು ಅದೇ ದಾರಿಯಲ್ಲಿ. “ಹಿಂದೆ ಕೂತ್ಕೋ, ಇಳಿಸಿ ಹೋಗ್ತೀನಿ” ಎಂದೆ ಪಿಟೀಲಿಗೆ. ಯಾಕೆ ಹಾಗೆಂದೆನೋ. ಬಸ್ಸಿಗೆ ನಿಂತು ಬಿಸಿಲಾಗಬಾರದೆಂದು.

ಎರಡನೆಯ ವಾರದಿಂದ ನನ್ನದೊಂದು ಪದ್ಧತಿ. ಬೆಲ್ಟು ಹಾಕಿಕೊಂಡು, ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತೇನೆ. ನನ್ನ ಕಾಲು ಬ್ರೇಕಿನ ಮೇಲಿಲ್ಲವೆಂದು ಕಲಿಯುವವರಿಗೆ ಕಣ್ಣಾರೆ ಕಾಣಬೇಕು. ‘ಮೇಡಂ ತಪಸ್ಸಿಗೆ ಕೂತ್ರು’ ಎನ್ನುತ್ತಾರೆ ಎಲ್ಲರೂ. ಬೇಕಾದರೆ ಕಾಲು ಕ್ಷಣದಲ್ಲಿ ಇಳಿಯುತ್ತದೆ. ಆದರೆ ಆ ಕ್ಷಣ ಅವರದು.

ಅಭ್ಯಾಸಬಲ. ಪೋಸ್ಟ್ ಮಾಸ್ಟರು ಗಾಡಿ ತೆಗೆದದ್ದೇ ತಡ, ಕಾಲು ಮಡಚಿ ಕೂತೆ.

“ಮೇಡಂ, ಮುಂದೆ ಇಳಿಜಾರು” ಎಂದರು ಅವರು.

“ಇದ್ರೆ ಇರ್ಲಿ. ನೀವೇ ನಿಲ್ಲಿಸ್ಬೇಕು. ನಾನು ಕಾರಲ್ಲೇ ಇಲ್ಲ ಅಂದ್ಕೊಳ್ಳಿ.”

“ನೀವು ಇಲ್ಲ ಅಂದ್ಕೊಂಡ್ರೆ ನಾನೂ ಇಳಿದು ಹೋಗ್ತೀನಿ ತಾಯಿ.”

ನಕ್ಕೆ. ಅವರು ಒತ್ತಿದರು, ಸ್ವಲ್ಪ ಒರಟಾಗಿ, ಆದರೆ ಹೊತ್ತಿಗೆ ಸರಿಯಾಗಿ. ನೀರಿನ ಟ್ಯಾಂಕಿನ ತಿರುವಿನಲ್ಲಿ ಗಾಡಿ ನಿಂತಿತು. ಅದೇ ಗೋಡೆ. ಅವಳು ಗುದ್ದಿದ ಕಡೆ ಗಾರೆ ಉದುರಿತ್ತು. ಆಗ ನೆನಪಾಯಿತು, ಹಿಂದಿನ ಸೀಟಿನಲ್ಲಿ ಯಾರಿದ್ದಾರೆಂದು.

ಕನ್ನಡಿಯಲ್ಲಿ ನೋಡಿದೆ. ಪಿಟೀಲು ಗೋಡೆಯನ್ನು ನೋಡುತ್ತಿರಲಿಲ್ಲ. ಮಡಚಿಟ್ಟ ನನ್ನ ಕಾಲನ್ನು ನೋಡುತ್ತಿದ್ದಳು.

ಕ್ಲಿನಿಕ್ಕಿನ ಮುಂದೆ ಇಳಿದಳು. ಪೋಸ್ಟ್ ಮಾಸ್ಟರಿಗೆ, “ಚೆನ್ನಾಗಿ ಓಡಿಸಿದ್ರಿ ಅಜ್ಜ” ಎಂದಳು. ನನ್ನ ಕಡೆಯ ಕಿಟಕಿ ದಾಟಿ ಒಳಗೆ ಹೋದಳು.

ಜೂನ್ 23, ಭಾನುವಾರ

ಮಾತಿಲ್ಲ.

ಜೂನ್ 24, ಸೋಮವಾರ

‘ಹ್ಞೂಂ’ ಕೂಡ ಇಲ್ಲ. ಕ್ಲಿನಿಕ್ಕಿನಲ್ಲಿ ಏನು ಹೇಳಿ ಬಂದಳೋ ತಿಳಿಯದು. ಫೋನ್ ಮಾಡಿ ಕೇಳೋಣವೆಂದು ನಂಬರು ಹುಡುಕಿ, ಒತ್ತಿ, ಮೊದಲ ರಿಂಗಿಗೇ ಇಟ್ಟುಬಿಟ್ಟೆ. ಇವರಿಗೆ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಇವರು ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಂಡು, “ಓವನ್ನಿನ ಬಾಗಿಲು ಘಳಿಗೆಗೊಂದು ಸಲ ತೆಗೆದು ನೋಡಿದ್ರೆ ಬ್ರೆಡ್ಡು ಉಬ್ಬಲ್ಲ ಕಣೇ” ಎಂದರು. ನನಗೆ ಬೈಗುಳವೇ ಮೇಲಾಗಿತ್ತು.

ಜೂನ್ 25, ಮಂಗಳವಾರ

ಸಂಜೆ ಬಟ್ಟೆ ಮಡಚುತ್ತಿದ್ದೆ. ಬಂದು ಮಂಚದ ತುದಿಯಲ್ಲಿ ಕೂತಳು.

“ಮಾರ್ಕೆಟ್ ಹತ್ರ ಬಾಳೆಗೊನೆಯವನು ಅಡ್ಡ ಬಂದ್ನಲ್ಲ. ನಿಲ್ಲಿಸಿದ್ದು ಯಾರು?”

“ಇಬ್ರೂ.”

“ಮೊದಲು ಯಾರು?”

“ನಾನು.”

“ಸ್ಕೂಲ್ ಗೇಟ್ ಹತ್ರ?”

“ನಾನು.”

“ಒಂದ್ಸಲಾನಾದ್ರೂ ನಾನು ನಿಲ್ಲಿಸಿದ್ದೀನಾ?”

ಯೋಚಿಸಿದೆ. ಇದಕ್ಕೆ ಹೌದೆನ್ನಬೇಕೆಂದು ಎಷ್ಟು ಆಸೆಯಾಯಿತೋ. “ಗೊತ್ತಿಲ್ಲ. ನನ್ನ ಕಾಲು ಯಾವಾಗ್ಲೂ ಮುಂಚೇನೇ ಇರ್ತಿತ್ತು” ಎಂದೆ.

“ಮತ್ತೆ ಹೊಗಳಿದ್ದು?”

“ನಿನ್ನ ಭಯ ಹೋಗ್ಲಿ ಅಂತ.”

“ನಂಗೆ ಭಯಾನೇ ಇರ್ಲಿಲ್ಲ ಅಮ್ಮ. ಈಗ ಇದೆ.” ಮಡಚಿದ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಹೇಳಿದಳು: “ಗೋಡೆಗೆ ಗುದ್ದಿದ ಮೇಲೂ ಹೇಳ್ಲಿಲ್ಲ. ಅಲ್ಲಿ ಆ ಅಜ್ಜಂದಿರು ಇದ್ದಿದ್ರೆ? ಮೂರು ದಿನದಿಂದ ಅದೊಂದೇ ನೋಡ್ತಾ ಇದೀನಿ, ಕಣ್ಣು ಮುಚ್ಚಿದ್ರೆ.”

ನಾನೂ ಅದನ್ನೇ ನೋಡುತ್ತಿದ್ದೇನೆಂದು ಹೇಳಲಿಲ್ಲ. ಹೇಳಬೇಕಿತ್ತೇನೋ.

“ಪೋಸ್ಟ್ ಮಾಸ್ಟರನ್ನ ನಂಬ್ತೀಯ. ಕನ್ನಡಕ ಇಲ್ದೆ ಸ್ಟೇರಿಂಗೇ ಕಾಣಲ್ಲ ಅವರಿಗೆ. ನನ್ನನ್ನ ನಂಬಲ್ಲ.”

“ಅವರು ನನ್ನ ಮಗಳಲ್ಲ” ಎಂದೆ.

ಅದು ಉತ್ತರವೋ ಅಲ್ಲವೋ ತಿಳಿಯದು. ಆದರೆ ಅದಕ್ಕಿಂತ ನಿಜವಾದದ್ದು ನನ್ನ ಹತ್ತಿರ ಇರಲಿಲ್ಲ. ಅವಳು ಮಡಚಿಟ್ಟ ಟವೆಲ್ಲೊಂದನ್ನು ಬಿಚ್ಚಿ ಮತ್ತೆ ಮಡಚಿದಳು. ಕ್ಲಿನಿಕ್ಕಿನವರಿಗೆ ಏನು ಹೇಳಿದೆ ಎಂದು ಕೇಳಿದೆ. ಹೇಳಲು ಹೋಗಿ ಹೊರಗಿನ ಬೆಂಚಿನ ಮೇಲೆ ಕೂತು ವಾಪಸ್ಸು ಬಂದಳಂತೆ.

“ಇನ್ಮೇಲೆ ನೀನು ಚೆನ್ನಾಗಿದೆ ಅಂದ್ರೆ ನಂಗೆ ಕೇಳಿಸಲ್ಲ” ಎಂದಳು. “ಕಲಿಸೋದಾದ್ರೆ ಅಪ್ಪನ ವ್ಯಾನಲ್ಲಿ ಕಲಿಸು. ಅಲ್ಲಿ ನಿನ್ನ ಕಡೆ ಏನೂ ಇಲ್ಲ. ಹೊಗಳ್ಬೇಡ. ಇದ್ದದ್ದು ಇದ್ದ ಹಾಗೆ ಹೇಳು.”

“ಅದೇ ಇಳಿಜಾರಾ?”

“ಮತ್ತಿನ್ಯಾವುದು?”

ಜೂನ್ 30, ಭಾನುವಾರ

ವ್ಯಾನು ನಿಲ್ಲಿಸಿ ಬಂದವಳೇ ಬರೆಯಲು ಕೂತೆ.

ಇವರು ಕೀಲಿ ಕೊಡುತ್ತ, “ಬ್ರೆಡ್ಡು ಇಳಿಸಿದೀನಿ. ಹೋದ ಸಲದ್ದೆಲ್ಲ ಪುಡಿಯಾಗಿ, ಒಣಗಿಸಿ ಮಾರ್ಬೇಕಾಯ್ತು” ಎಂದರು. ಯಾರೂ ನಗಲಿಲ್ಲ. ಮೊದಲು ನಾನೊಬ್ಬಳೇ ಹೋಗಿ ಮುದುಕರಿಬ್ಬರನ್ನು ಗೋಡೆಯ ಹತ್ತಿರದಿಂದ ಎಬ್ಬಿಸಿದೆ. “ಯಾಕಮ್ಮ, ಗೋಡೆ ಮಾರಿದ್ರಾ?” ಎಂದ ಒಬ್ಬ. ಇನ್ನೊಬ್ಬನಿಗೆ ವಿಷಯ ಗೊತ್ತಿತ್ತು. ಅವನೇ ಮೊದಲಿನವನನ್ನು ಎಳೆದುಕೊಂಡು ರಸ್ತೆಯ ಆಚೆ ಹೋಗಿ, ನಾಟಕ ನೋಡುವವನ ಹಾಗೆ ಕಟ್ಟೆಯ ಮೇಲೆ ಕೂತ.

ಮೇಲಿನಿಂದ ಶುರು. ಪಕ್ಕದ ಸೀಟು, ನನ್ನ ಕಾಲಡಿ ಬರೀ ತಗಡು. ಇಪ್ಪತ್ತು ವರ್ಷದಲ್ಲಿ ಇಂಥ ಬೆತ್ತಲೆ ನೆಲವನ್ನು ಕಾಲು ಕಂಡಿರಲಿಲ್ಲ. ವ್ಯಾನು ಹೊರಟದ್ದೇ ಕಾಲು ತಗಡನ್ನು ಒತ್ತತೊಡಗಿತು.

“ಸದ್ದು ಬರ್ತಿದೆ ಅಮ್ಮ.”

“ಏನು ಸದ್ದು?”

“ನಿನ್ನ ಕಾಲು.”

ಕೈಬ್ರೇಕು ನಡುವೆಯೇ ಇತ್ತು. ಕೈಯೆರಡನ್ನೂ ತೊಡೆಯ ಕೆಳಗಿಟ್ಟು ಅವುಗಳ ಮೇಲೆ ಕೂತೆ. ಅವಳು ಒತ್ತಿದಳು. ವ್ಯಾನು ಮುಗ್ಗರಿಸಿ ನಿಂತಿತು, ತಿರುವಿಗಿಂತ ಎಷ್ಟೋ ಮೊದಲೇ.

“ತೀರಾ ಮುಂಚೆ ಆಯ್ತು” ಎಂದೆ. ಬಾಯಿಗೆ ಬಂದದ್ದು ‘ಎಷ್ಟು ಚೆನ್ನಾಗಿ’ ಎಂದು. ನುಂಗಿದೆ.

ಎರಡನೆಯ ಸಲ, “ತಡ ಆಯ್ತು.” ಮೂರನೆಯ ಸಲ ಹತ್ತಿರ, ತುಂಬ ಹತ್ತಿರ, ನನ್ನ ಗಂಟಲಲ್ಲಿ ಒಂದು ಶಬ್ದ ಬಂದದ್ದು ಅವಳಿಗೂ ಕೇಳಿಸಿತು. “ತಡ. ತಿರುವಿನ ಬಿಳಿ ಗೆರೆ ದಾಟ್ದೆ. ಅಲ್ಲಿ ಜನ ಇದ್ದಿದ್ರೆ ಹೆದರಿ ಓಡ್ತಿದ್ರು” ಎಂದೆ. ಇಷ್ಟು ಕಟುವಾಗಿ ನಾನು ಯಾವ ವಿದ್ಯಾರ್ಥಿಗೂ ಹೇಳಿದ್ದಿಲ್ಲ. ಮುಖ ಕೆಂಪಾಯಿತು ಅವಳದು. ವ್ಯಾನು ಹಿಂದಕ್ಕೆ ತೆಗೆದು ಮತ್ತೆ ಮೇಲಕ್ಕೆ ಹೊರಟಳು.

ಎಷ್ಟು ಸಲ ಇಳಿದೆವೋ ಲೆಕ್ಕ ಇಡಲಿಲ್ಲ. ಕಡೆಗೊಮ್ಮೆ ಮುಂದಿನ ಚಕ್ರ ಗೆರೆಯ ಹತ್ತಿರ ಬಂದು, ಉಸಿರು ಬಿಟ್ಟ ಹಾಗೆ ನಿಂತಿತು.

“ಸರಿ” ಎಂದೆ.

“ನಿಜವಾಗ್ಲೂ?”

“ಸರಿ ಅಂದ್ರೆ ಸರಿ.”

ಅವಳು ನನ್ನನ್ನು ನೋಡಿದಳು. ನಂಬಿದಳೋ ಇಲ್ಲವೋ. ರಸ್ತೆಯಾಚೆಯಿಂದ ಮುದುಕ ಕೂಗಿದ, “ಅಮ್ಮಾ, ಇನ್ನಾದ್ರೂ ನಮ್ಮ ಗೋಡೆ ನಮಗೆ ಬಿಡ್ತೀರಾ?”

ಜುಲೈ 6, ಶನಿವಾರ

ಪಿಟೀಲು ಮತ್ತೆ ನಮ್ಮ ಕಾರು ಹತ್ತಿದಳು. ನಾನು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಮಾರ್ಕೆಟ್ಟಿನ ರಸ್ತೆಯಲ್ಲಿ ಒಂದು ಸಲ ಕಾಲು ಇಳಿಯಿತು. ಇಳಿದದ್ದನ್ನು ನಾನೇ ಹೇಳಿದೆ: “ಈಗ ನಿಲ್ಲಿಸಿದ್ದು ನಾನು.” ಅವಳು, “ಗೊತ್ತಾಯ್ತು” ಎಂದಳು. ಗಲಾಟೆ ಮಾಡಲಿಲ್ಲ. ಇನ್ನೊಂದು ಸಲ ನನ್ನ ಕಾಲು ಮಡಚಿಯೇ ಇತ್ತು, ಆದರೂ, “ಇದು?” ಎಂದು ಕೇಳಿದಳು. “ನೀನೇ” ಎಂದೆ. ಕಾಲು ತೋರಿಸಿದೆ.

ಮೊಣಕಾಲು ಹಿಡಿದುಕೊಂಡಿದೆ. ತಪಸ್ಸಿಗೆ ವಯಸ್ಸಾಯಿತು.

ಜುಲೈ 15, ಸೋಮವಾರ

ಪರೀಕ್ಷೆ. ಒಳಗೆ ಹೋಗಲು ನನಗೆ ಬಿಡಲಿಲ್ಲ, ಮೈದಾನದ ಬೇಲಿಯ ಹೊರಗೆ ನಿಲ್ಲಬೇಕು. ಪರೀಕ್ಷಕರು ನನಗೆ ಪರಿಚಯ. ಒಂದು ಮಾತು ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲಿ ‘ನಮ್ಮ ಹುಡುಗಿ’ ಎಂಬುದು ಬಂದೂ ಬಂದೂ ಹೋಯಿತು. ಅವರೇ, “ಇವತ್ತು ನಿಮ್ಮವರು ಯಾರಾದ್ರೂ ಇದಾರಾ ಮೇಡಂ?” ಎಂದರು. “ಇದಾರೆ. ನೀವೇ ನೋಡಿ” ಎಂದೆ. ಆಮೇಲೆ ಬೇಲಿಯ ತಂತಿ ಹಿಡಿದು ನಿಂತು, ಅವಳು ತಿರುಗಿದಾಗಲೆಲ್ಲ ನಾನೂ ವಾಲಿದೆ. ಪಕ್ಕದಲ್ಲಿದ್ದ ಯಾರೋ ತಂದೆ, “ನಿಮ್ಗೆ ತಲೆ ಸುತ್ತುತ್ತಾ?” ಎಂದು ನೀರು ಕೊಟ್ಟರು.

ಪಾಸು. ಬ್ರೇಕು ಸ್ವಲ್ಪ ಮುಂಚೆಯೇ ಒತ್ತುತ್ತಾಳೆಂದು ಪರೀಕ್ಷಕರು ಹೇಳಿದರಂತೆ. ಅದನ್ನು ಅವಳೇ ಬಂದು ಹೇಳಿದಳು, ಪಾಸಾದದ್ದನ್ನು ಹೇಳುವ ಮೊದಲೇ. ಇವಳಿಗೆ ಯಾವುದು ಮೊದಲು ಹೇಳಬೇಕೆಂದು ಯಾವಾಗ ತಿಳಿಯುತ್ತದೋ.

ಜುಲೈ 24, ಬುಧವಾರ

ಕೆಲಸಕ್ಕೆ ಸೇರಿದ ಮೊದಲ ವಾರ. ದಿನಾ ಸಂಜೆ ಬೆಳಕಿರುವಾಗಲೇ ಬರುತ್ತಿದ್ದಳು. ಇವತ್ತು ಬೀದಿದೀಪ ಹತ್ತಿದರೂ ಇಲ್ಲ. ಫೋನು ಕೈಗೆತ್ತಿಕೊಂಡೆ, ಕೆಳಗಿಟ್ಟೆ. ಗಾಡಿ ಓಡಿಸುವಾಗ ರಿಂಗಾದರೆ ಅವಳ ಗಮನ ತಪ್ಪುತ್ತದೆ. ಊರಿಗೆಲ್ಲ ಇದನ್ನು ಕಲಿಸಿದವಳು ನಾನೇ. ಫೋನನ್ನು ಇವರ ಕೈಗೆ ಕೊಟ್ಟು, “ನಾನು ಕೇಳಿದ್ರೂ ಕೊಡ್ಬೇಡಿ” ಎಂದೆ. ಎರಡು ನಿಮಿಷಕ್ಕೆ ಕೇಳಿದೆ. ಕೊಡಲಿಲ್ಲ. ಜಗಳವಾಡಿದೆ. ಹಿಟ್ಟಿನ ಕೈಯಲ್ಲೇ ಅದನ್ನು ಅಂಗಿ ಜೇಬಿಗೆ ಹಾಕಿಕೊಂಡು ಬೇಕರಿಗೆ ಹೊರಟೇಹೋದರು, ಪುಣ್ಯಾತ್ಮ.

ಬಂದಳು. ಚಪ್ಪಲಿ ಬಿಡುತ್ತಲೇ, ನಾನು ಬಾಯಿ ತೆರೆಯುವ ಮೊದಲೇ, ಶುರುಮಾಡಿದಳು:

“ಅಮ್ಮ, ಇವತ್ತು ಒಂದಾಯ್ತು. ಸೇತುವೆ ಹತ್ರ ಮುಂದಿನ ಲಾರಿ ಗಕ್ಕಂತ ನಿಲ್ಲಿಸ್ಬಿಟ್ಟ. ಒತ್ತಿದೆ. ನಿಲ್ತು. ಲಾರಿಗೂ ನಂಗೂ ಮಧ್ಯೆ ಇಷ್ಟೇ ಇಷ್ಟು ಜಾಗ.” ಗೇಣು ಮಾಡಿ ತೋರಿಸಿದಳು. “ಇಂಜಿನ್ ಆಫಾಗೋಯ್ತು. ಹಿಂದಿನವರೆಲ್ಲ ಹಾರ್ನು. ಪಕ್ಕಕ್ಕೆ ಹಾಕಿ ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಮೊಣಕಾಲು ನೋವಿನ ಒಬ್ಬ ಅಜ್ಜಿ ಇದಾರೆ, ಅವರ ಮನೆಗೆ ಹೋದ್ರೆ, ನನ್ನ ಮುಖ ನೋಡಿ ಅವರೇ ನಂಗೆ ವ್ಯಾಯಾಮ ಮಾಡ್ಸಿದ್ರು. ಅದಕ್ಕೇ ತಡ.”

ನನಗೆ ಕೂರಬೇಕೆನಿಸಿತು, ಕೂತೆ.

“ತಪ್ಪು ನಂದಾ?” ಎಂದಳು.

ಲಾರಿಯವನನ್ನು ಬೈಯಬೇಕೆಂದು ನಾಲಿಗೆ ತುರಿಸಿತು. “ಅರ್ಧ ನಿಂದು. ತೀರಾ ಹತ್ರ ಹೋಗ್ತಿದ್ದೆ” ಎಂದೆ.

“ಹ್ಞಾಂ. ನಂಗೂ ಹಂಗೇ ಅನ್ನಿಸ್ತು” ಎಂದು ತಟ್ಟೆ ಹಾಕಿಕೊಂಡು ಊಟಕ್ಕೆ ಕೂತಳು. ಊಟದುದ್ದಕ್ಕೂ ಮಾತು: ಅಜ್ಜಿಯದು, ಲಾರಿಯದು, ಕ್ಲಿನಿಕ್ಕಿನ ಕಾರಿನ ಹಿಂದಿನ ಸೀಟಿನಲ್ಲಿ ಬರುವ ವಾಸನೆಯದು. ತಪ್ಪು ನಿನ್ನದೆಂದರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವ ಹುಡುಗಿ ಇವಳು. ಒಂದು ಜಗಳವಿಲ್ಲ, ಒಂದು ‘ಹ್ಞೂಂ’ ಇಲ್ಲ. ನನಗೆ ಗಾಬರಿಯಾಯಿತು. ಎದ್ದು ಹೋಗಿ ಹಣೆ ಮುಟ್ಟಿ ನೋಡಿದೆ.

ಜ್ವರವೇನೂ ಇಲ್ಲ.